ಎಣ್ಣೆ ಹಚ್ಚಿದ ಕಲ್ಲುಗಳು

ಗುಡ್ಡದೊಳಗೆ ಮದ್ದು ಸಿಡಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುತ್ತಿರಲಿಲ್ಲ. ಬತ್ತಿಗೆ ಬೆಂಕಿ ತಾಗಿಸಿ ಎಲ್ಲರೂ ಹೊರಗೋಡಿ ಬಂದು ಹುಣಸೆಮರದ ಕೆಳಗೆ ಕೂರುತ್ತಿದ್ದೆವು. ಮದ್ದಿನ ಮೇಸ್ತ್ರಿ ಹಬೀಬ್ ಸಾಬರು ಕಣ್ಣು ಮುಚ್ಚಿಕೊಂಡು, ಒಂದೊಂದು ಸಿಡಿತಕ್ಕೂ ಒಂದೊಂದು ಬೆರಳು ಮಡಿಸುತ್ತಿದ್ದರು. ತುಂಬಿದ ಕುಳಿಗಳೆಲ್ಲ ಸಿಡಿದವೆಂದು ಖಾತ್ರಿಯಾದ ಮೇಲೆ ಬೆರಳು ಬಿಚ್ಚುತ್ತಿದ್ದರು. ಬಿಚ್ಚಿದ ಮೇಲೂ ಹೊಗೆ ಹೊರಬರುವ ತನಕ ಕಾಯಬೇಕು. ಕಾಗೆಗಳು ಮರಕ್ಕೆ ವಾಪಸಾಗುವುದು, ದೂರದ ಕಡಲೆಕಾಯಿ ಹೊಲದಲ್ಲಿ ಯಾರೋ ಎತ್ತಿಗೆ ಹೋ ಅನ್ನುವುದು, ಇಷ್ಟೇ ಕೇಳುತ್ತಿತ್ತು. ನನಗೆ ಆ ಕೆಲಸದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಆ ಹೊತ್ತು.

ಐವತ್ತೊಂಬತ್ತನೇ ಇಸವಿಯ ಮಾತು. ಮಧುಗಿರಿಯಿಂದ ಪಾವಗಡದ ಮೇಲೆ ಹಾದು ಹೋಗುವ ರೈಲು ಬರುತ್ತದೆಂದು ನಮ್ಮ ಸೀಮೆಯಲ್ಲಿ ಜನ ಹೆಣ್ಣು ಕೊಡುವಾಗಲೂ ಲೆಕ್ಕಕ್ಕೆ ಹಿಡಿಯುತ್ತಿದ್ದ ಕಾಲ. ದಾರಿಗೆ ಅಡ್ಡವಾಗಿ ಕೋಡಗುಡ್ಡ ಕೂತಿತ್ತು. ಅದರ ನೆತ್ತಿಗೆ ಹತ್ತಿದರೆ ನಿಡುಗಲ್ಲಿನ ಕೋಟೆಯ ಗೆರೆ ಕಾಣುತ್ತದೆ. ಹಳಿ ಹಾಕುವ ಮೊದಲು ಗುಡ್ಡದ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯಬೇಕಲ್ಲ, ಅದಕ್ಕೆ ಆಳೆತ್ತರದ ಒಂದು ಪರೀಕ್ಷೆಯ ಸುರಂಗ ಕೊರೆಯುತ್ತಿದ್ದರು. ಕಲ್ಲಿನ ವಿದ್ಯೆಯಲ್ಲಿ ಬಿ.ಎಸ್ಸಿ. ಮಾಡಿಕೊಂಡಿದ್ದ ನನ್ನನ್ನು ಅಲ್ಲಿಗೆ ತಾತ್ಕಾಲಿಕವಾಗಿ ಹಾಕಿದ್ದರು. ಪ್ರತಿ ಸಲ ಮದ್ದು ಸಿಡಿದ ಮೇಲೆ ಒಳಗೆ ಹೋಗಿ, ಹೊಸದಾಗಿ ತೆರೆದ ಗೋಡೆಯಿಂದ ಒಂದು ಕಲ್ಲು ಆರಿಸಿ, ಬಾಯಿಂದ ಎಷ್ಟು ದೂರದ್ದೆಂದು ಅದರ ಮೇಲೆ ಬರೆದು, ಹೊರಗಿನ ತಗಡಿನ ಚಪ್ಪರದಲ್ಲಿ ಸಾಲಾಗಿ ಜೋಡಿಸುವುದು ನನ್ನ ಕೆಲಸ. ಬಣ್ಣ ಮತ್ತು ಕುಂಚ ಬರುತ್ತವೆ, ಬರುತ್ತವೆ ಎಂದು ಬರದೇ ಇದ್ದದ್ದರಿಂದ ಸೀಮೆಸುಣ್ಣದಲ್ಲೇ ಬರೆಯುತ್ತಿದ್ದೆ.

ಸಾಲು ಒಳ್ಳೆಯದಾಗಿಯೇ ಬೆಳೆಯುತ್ತಿತ್ತು. ಸುರಂಗದ ಬಾಯಲ್ಲಿ ಕಪ್ಪು ಬಿಳಿ ಪಟ್ಟೆಯ ಕಲ್ಲು. ಆಮೇಲೆ ಗುಡ್ಡವನ್ನು ಗೋಡೆಯಂತೆ ಸೀಳಿಕೊಂಡು ನಿಂತ ಕರಿಕಲ್ಲು. ಅದು ಮುಗಿದ ಕಡೆ ಬೆಣಚುಕಲ್ಲು, ಅದರ ಸಂದಿಯಲ್ಲಿ ಪದರ ಪದರವಾಗಿ ಕಾಗೆಬಂಗಾರ. ಮುಂದೆ ಹಸುವಿನ ಕೆಚ್ಚಲಿನ ಬಣ್ಣದ ಒಂದು ಕಲ್ಲು. ಕೊನೆಗೆ, ಯಾರೂ ನಿರೀಕ್ಷಿಸದಿದ್ದ ಕಡೆ, ಹಸಿರು ಛಾಯೆಯ ಬಳಪದ ಕಲ್ಲು. ಉಗುರು ತಾಗಿಸಿದರೆ ಗೆರೆ ಬೀಳುವಷ್ಟು ಮೆದು. ಮೇಲಿನವರಿಗೆ ಬೇಕಾಗಿದ್ದುದು ಮುಖ್ಯವಾಗಿ ಅದೇ. ಮೆದು ಕಲ್ಲು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತದೋ ಅಷ್ಟು ದೂರ ಸುರಂಗಕ್ಕೆ ಕಮಾನು ಕಟ್ಟಬೇಕಾಗುತ್ತದೆ. ಹಾಗಾಗಿ ನನ್ನ ಸಾಲಿನಲ್ಲಿ ಯಾವ ಕಲ್ಲಿನ ಪಕ್ಕ ಯಾವುದು ಎಂಬುದೇ ಎಲ್ಲಕ್ಕಿಂತ ದೊಡ್ಡ ಸಂಗತಿ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ ಹೂಂ ಅನ್ನುವುದು, ಕೇಳದವರಿಗೆ ಅದೂ ಇಲ್ಲ. ಹೀಗೇ ಅಲ್ಲಿ ತಿಂಗಳುಗಳು ಕಳೆದಿದ್ದವು. ಕಲ್ಲು ಹೊರುವ ಹೆಂಗಸರು ನನ್ನನ್ನು ಕಲ್ಲಯ್ನೋರು ಎಂದು ಕರೆಯುತ್ತಿದ್ದರು. ಚಪ್ಪರದ ಸಾಲಿಗೆ ಅಯ್ನೋರ ಸಂಸಾರ ಎಂದು ಹೆಸರಿಟ್ಟಿದ್ದರು. ಹೊಸ ಕಲ್ಲು ತಂದಿಟ್ಟ ದಿನ, ಅಯ್ನೋರಿಗೆ ಇನ್ನೊಂದು ಮಗು ಹುಟ್ಟಿತು ಎಂದು ಅವರಲ್ಲಿ ಯಾರಾದರೂ ಅನ್ನುವರು, ಉಳಿದವರು ಬುಟ್ಟಿಯ ಮರೆಯಲ್ಲಿ ನಗುವರು. ಅವರ ಮುಂದಾಳು ಇಂದ್ರಮ್ಮ. ಗುಡ್ಡದ ಆಚೆ ಮಗ್ಗುಲಿನವಳು, ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವವಳು. ನನ್ನ ಮೌನ ಅವಳಿಗೆ ಒಂದು ಕಾಯಿಲೆಯಂತೆ ಕಂಡು, ಒಂದು ಸಲ ಬಜೆಬೇರು ತೇದು ತಂದುಕೊಟ್ಟಿದ್ದಳು. ಮಾತು ಬಾರದ ಮಕ್ಕಳಿಗೆ ನೆಕ್ಕಿಸುವಂಥದು. ನಾನು ಏನೂ ಅನ್ನದೆ ನೆಕ್ಕಿದ್ದೆ.

ಆ ಚಳಿಗಾಲದಲ್ಲಿ, ಬೆಂಗಳೂರಿನಿಂದ ದೊಡ್ಡ ಅಧಿಕಾರಿ ಶಂಕರಲಿಂಗಪ್ಪನವರು ಕಲ್ಲುಗಳನ್ನು ನೋಡಲು ಬರುತ್ತಾರೆ ಎಂದು ಜೀಪಿನ ಚಾಲಕನ ಮೂಲಕ ಸುದ್ದಿ ಬಂತು. ಸಾಲು ಅವರ ಮನಸ್ಸಿಗೆ ಬಂದರೆ ನನ್ನ ಕೆಲಸ ಖಾಯಂ. ಬಾರದಿದ್ದರೆ ಆ ತಿಂಗಳಿಗೇ ಮುಗಿಯಿತು. ಮುಗಿದರೆ ಎಲ್ಲಿಗೆ ಹೋಗಬೇಕೆಂಬುದೂ ತೀರ್ಮಾನವಾಗಿತ್ತು. ಮಧುಗಿರಿಯಲ್ಲಿ ನನ್ನ ಭಾವ ಪರ್ವತಯ್ಯನ ಬಟ್ಟೆ ಅಂಗಡಿಯಲ್ಲಿ ಗಲ್ಲಾದ ಪಕ್ಕ ಒಂದು ಜಾಗ ಖಾಲಿ ಇತ್ತು. ಭಾವ ಒಳ್ಳೆಯ ಮನುಷ್ಯ. ಆದರೆ ಅಲ್ಲಿ ಬೆಳಗಿನಿಂದ ಸಂಜೆಯ ತನಕ ಸೀರೆ ಬಿಚ್ಚಿ ಮೈಮೇಲೆ ಹೊದ್ದು ತೋರಿಸಿಕೊಂಡು, ಅಂಚಿನ ಬಗ್ಗೆ, ಸೆರಗಿನ ಬಗ್ಗೆ, ಒಗೆದರೆ ಬಣ್ಣ ಬಿಡುತ್ತದೋ ಇಲ್ಲವೋ ಎಂಬುದರ ಬಗ್ಗೆ ಮಾತಾಡುತ್ತಲೇ ಇರಬೇಕು. ನೆನೆದರೇ ನನ್ನ ನಾಲಿಗೆ ಒಣಗುತ್ತಿತ್ತು.

ಸುದ್ದಿ ಹೆಂಗಸರಿಗೂ ಮುಟ್ಟಿತು. ಇಂದ್ರಮ್ಮ ಬುಟ್ಟಿ ಇಳಿಸಿ, ಸೊಂಟಕ್ಕೆ ಕೈಕೊಟ್ಟು ಕೇಳಿದಳು.

"ನೋಡಕ್ಕೆ ಬತ್ತಾರಂತಲ್ಲ ಅಯ್ನೋರೇ. ಯಾರನ್ನ, ನಿಮ್ಮನ್ನಾ ಕಲ್ಲುಗಳನ್ನಾ?"

"ಕಲ್ಲುಗಳನ್ನ," ಅಂದೆ.

"ಒಪ್ಕಂಡ್ರೆ?"

"ಇಲ್ಲೇ ಇರ್ತೀನಿ."

ಅವಳು ತಲೆಯಾಡಿಸಿ ಹೋದಳು. ಇನ್ನೆರಡು ಮಾತು ನಾನು ಹೇಳಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಅವರು ಬರುವ ದಿನ ಬೆಳಿಗ್ಗೆ ನಾನು ರಸ್ತೆಯ ತಿರುವಿಗೆ ಹೋಗಿ ನಿಂತೆ. ದೂರದಲ್ಲಿ ಜೀಪಿನ ಧೂಳು ಎದ್ದದ್ದು ಕಾಣುತ್ತಲೇ, ಕೊನೆಯದಾಗಿ ಒಂದು ಸಲ ಸಾಲು ನೋಡಿಕೊಳ್ಳೋಣವೆಂದು ಚಪ್ಪರಕ್ಕೆ ಓಡಿದೆ. ಹೆಂಗಸರೆಲ್ಲ ತಲೆಗೆ ಎಣ್ಣೆ ಹಾಕಿ ಬಾಚಿ, ಒಗೆದ ಸೀರೆಯುಟ್ಟು, ಅಕ್ಕಪಕ್ಕ ನಿಂತಿದ್ದರು. ನೆಲಕ್ಕೆ ಸಗಣಿ ಸಾರಿಸಿ ಸುತ್ತ ರಂಗೋಲಿ ಎಳೆದಿದ್ದರು. ನಡುವೆ ನನ್ನ ಕಲ್ಲುಗಳು ಹೊಳೆಯುತ್ತಿದ್ದವು.

ನಸುಕಿನಲ್ಲೇ ಬಂದು ಅವನ್ನು ಗುಡ್ಡದ ಕೆಳಗಿನ ನೀರಿನ ಕುಂಟೆಗೆ ಹೊತ್ತುಕೊಂಡು ಹೋಗಿ, ತೆಂಗಿನ ನಾರಿನಿಂದ ತಿಕ್ಕಿ, ಸೀಗೆಪುಡಿ ಹಾಕಿ ತೊಳೆದಿದ್ದರು. ಒಣಗಿಸಿ, ಪಾವಗಡ ಸೀಮೆಯ ಹೊಸಕೋಟೆಯ ಗಾಣದ ಕಡಲೆಕಾಯಿ ಎಣ್ಣೆ ಸವರಿದ್ದರು. ಆಮೇಲೆ ಚಂದ ನೋಡಿ ಜೋಡಿಸಿದ್ದರು. ಕಾಗೆಬಂಗಾರದ್ದು ಎಲ್ಲರ ಮುಂದೆ, ಕೆಚ್ಚಲು ಬಣ್ಣದ್ದು ಅದರ ಬಲಕ್ಕೆ, ಕರಿಯವು ಹಿಂದೆ. ಪಾಪ, ಬಳಪದ ಕಲ್ಲನ್ನು ತೀರ ಮೂಲೆಯಲ್ಲಿ ಕೂರಿಸಿದ್ದರು. ಸೀಮೆಸುಣ್ಣದ ಒಂದು ಗೆರೆಯೂ ಯಾವುದರ ಮೇಲೂ ಉಳಿದಿರಲಿಲ್ಲ.

ಹೆಣ್ಣು ನೋಡಲು ಬರುವವರ ಮುಂದೆ ಮಗಳನ್ನು ಮಣ್ಣು ಮೆತ್ತಿದ ಮುಖದಲ್ಲಿ ಯಾರು ಕೂರಿಸುತ್ತಾರೆ? ಅವರು ಮಾಡಿದ್ದು ಅಷ್ಟೇ. ನನ್ನ ಮುಖ ನೋಡಿ ಇಂದ್ರಮ್ಮನ ನಗು ನಿಧಾನವಾಗಿ ಇಳಿಯಿತು. ಏನೋ ತಪ್ಪಾಗಿದೆ ಎಂದು ಅವಳಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಜೀಪು ಬಂದು ನಿಂತಿತು.

ಶಂಕರಲಿಂಗಪ್ಪನವರು ಕುಳ್ಳಗೆ ದಪ್ಪಗಿದ್ದ ಮನುಷ್ಯ. ಟೋಪಿ ತೆಗೆದು ಚಪ್ಪರದೊಳಗೆ ಬಂದವರು ರಂಗೋಲಿ ತುಳಿಯಬಾರದೆಂದು ಒಂದು ಕಾಲು ಎತ್ತಿಕೊಂಡೇ ನಿಂತರು. ಇಲ್ಲಿ ಯಾರ ಮದುವೆ ಎಂದು ಕೇಳಿದರು. ಯಾರೂ ನಗಲಿಲ್ಲ. ಅವರು ಬಗ್ಗಿ ಒಂದು ಕಲ್ಲನ್ನೆತ್ತಿ, ತಿರುಗಿಸಿ ನೋಡಿ, ಎಣ್ಣೆಯಾದ ಬೆರಳುಗಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು, ಗುರುತು ಎಲ್ಲಿ ಅಂದರು. ತೊಳೆದುಹೋಗಿದೆ ಅಂದೆ. ತೊಳೆದವರು ಯಾರು ಎಂದು ಕೇಳಿದರು. ಇಂದ್ರಮ್ಮ ಮುಂದೆ ಬಂದಳು. ತಾವೇ ತೊಳೆದದ್ದು, ಅಯ್ನೋರಿಗೆ ಗೊತ್ತೇ ಇಲ್ಲ, ಬೈಯುವುದಾದರೆ ತಮ್ಮನ್ನು ಬೈಯಬೇಕು ಎಂದು ಒಂದೇ ಉಸಿರಿಗೆ ಹೇಳಿದಳು.

ಅವರು ಬೈಯಲಿಲ್ಲ. ಸಾಲು ತಪ್ಪಿದ ಮೇಲೆ ಇವು ಜಲ್ಲಿಕಲ್ಲಿಗೆ ಸಮ, ರಸ್ತೆಗೆ ಹಾಕಬಹುದು ಅಂದರು. ನನ್ನ ಕಡೆ ತಿರುಗಿ, ಬೇಸರದಿಂದಲೇ, ಹಾಗಾದರೆ ನಿನ್ನ ಕೆಲಸ ಮುಗಿದಂತಾಯಿತಲ್ಲ ಅಂದರು.

ನಾನು ಕಲ್ಲುಗಳನ್ನೇ ನೋಡುತ್ತಿದ್ದೆ. ಧೂಳು ಕೂತು ಒಣಗಿದಾಗ ಅವುಗಳಲ್ಲಿ ಅರ್ಧದಷ್ಟು ಒಂದೇ ಬೂದು ಬಣ್ಣದವು. ಈಗ ಎಣ್ಣೆ ಕುಡಿದು, ಒಂದೊಂದರ ಪಟ್ಟೆಯೂ ಕಾಳೂ ಎಳೆಯೂ ಬೇರೆಬೇರೆಯಾಗಿ ಎದ್ದಿದ್ದವು. ಇವನ್ನು ಹೀಗೆ ಮೊದಲೂ ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲೆಂದು ಹೊಳೆಯಿತು. ಸುರಂಗದ ಗೋಡೆಯಲ್ಲಿ. ಅಲ್ಲಿ ಮೇಲಿನಿಂದ ನೀರು ಜಿನುಗಿ ಗೋಡೆ ಯಾವಾಗಲೂ ಒದ್ದೆ. ಒದ್ದೆ ಕಲ್ಲು, ಎಣ್ಣೆ ಹಚ್ಚಿದ ಕಲ್ಲು, ಎರಡೂ ಕಣ್ಣಿಗೆ ಒಂದೇ.

"ಸಾರ್," ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಇವುಗಳ ಮನೆ ಒಳಗೇ ಇದೆ, ಎಲ್ಲಿಗೂ ಹೋಗಿಲ್ಲ. ಒಂದೊಂದನ್ನೂ ಅದರದರ ಮನೆಗೆ ಮುಟ್ಟಿಸ್ತೀನಿ. ನೀವು ಬಂದು ನೋಡಿ."

ಅವರು ಗಡಿಯಾರ ನೋಡಿಕೊಂಡರು, ಆಮೇಲೆ ನನ್ನನ್ನು, ಆಮೇಲೆ ಟೋಪಿ ಹಾಕಿಕೊಂಡರು.

ಹೆಂಗಸರು ಕಲ್ಲುಗಳನ್ನು ಬುಟ್ಟಿಗಳಲ್ಲಿಟ್ಟು ತಲೆಗೇರಿಸಿದರು. ಹಬೀಬ್ ಸಾಬರು ಗ್ಯಾಸಿನ ದೀಪ ಹಿಡಿದು ಮುಂದೆ, ಅವರ ಹಿಂದೆ ಅಧಿಕಾರಿ, ಅವರ ಹಿಂದೆ ನಾನು, ನನ್ನ ಹಿಂದೆ ಒಗೆದ ಸೀರೆಗಳ ಸಾಲು. ಇಂಥ ಮೆರವಣಿಗೆಯನ್ನು ತಾನು ಶಿರಾದಲ್ಲಿ ಒಂದೇ ಸಲ ನೋಡಿರುವುದಾಗಿಯೂ, ಆದರೆ ಅಲ್ಲಿ ಮುಂದೆ ಬ್ಯಾಂಡಿನವರಿದ್ದು ಬುಟ್ಟಿಗಳಲ್ಲಿ ಮಿಠಾಯಿ ಇತ್ತೆಂದೂ ಸಾಬರು ಹೇಳಿದರು. ಕತ್ತಲಲ್ಲಿ ಯಾರೋ ಕಿಸಕ್ಕೆಂದರು. ನನಗೂ ನಗು ಬಂತು.

ಆಮೇಲೆ ನಾನು ಮಾತಾಡಿದೆ. ಆ ಇಡೀ ವರ್ಷದಲ್ಲಿ ಆಡದಿದ್ದಷ್ಟನ್ನು ಆ ಸುರಂಗದಲ್ಲಿ ಆಡಿದೆ. ಬಾಯಿಯ ಹತ್ತಿರದ ಪಟ್ಟೆಕಲ್ಲನ್ನು ಬುಟ್ಟಿಯಿಂದ ತೆಗೆದು ಗೋಡೆಗೆ ಹಿಡಿದರೆ, ಬಿಳಿ ಎಳೆ ಬಿಳಿಗೆ, ಕರಿ ಎಳೆ ಕರಿಗೆ ಹೊಂದಿ ನಿಂತಿತು. ಸೀರೆಯ ಎರಡು ತುಂಡು ಸೇರಿಸಿದ ಹಾಗೆ ಎಂದು ಬಾಯಿಗೆ ಬಂತು. ಭಾವನ ಅಂಗಡಿ ನೆನಪಾಗಿ ನುಂಗಿಕೊಂಡೆ. ಕರಿಕಲ್ಲುಗಳ ಹತ್ತಿರ ತೊಡಕಾಯಿತು. ಎಲ್ಲವೂ ಒಂದೇ ತಾಯಿಯ ಮಕ್ಕಳು. ಅಧಿಕಾರಿ ಭೂತಗನ್ನಡಿ ತೆಗೆದು, ಇವುಗಳಲ್ಲಿ ಮೊದಲಿನದು ಯಾವುದು ಎಂದು ಕೇಳಿದರು. ಆ ಕರಿಕಲ್ಲು ಒಂದು ಕಾಲದಲ್ಲಿ ಕುದಿಯುವ ರಸವಾಗಿ ಗುಡ್ಡದ ಬಿರುಕಿಗೆ ನುಗ್ಗಿದ್ದು, ಅಂಚಿನಲ್ಲಿ ಬೇಗ ತಣಿದು ಕಾಳು ಸಣ್ಣಗೆ, ನಡುವೆ ನಿಧಾನವಾಗಿ ತಣಿದು ಕಾಳು ದಪ್ಪ ಎಂದು ತೋರಿಸುತ್ತಾ, ಸಣ್ಣ ಕಾಳಿನದನ್ನು ಅಂಚಿಗೂ ದಪ್ಪ ಕಾಳಿನದನ್ನು ನಡುವಿಗೂ ಹಿಡಿದೆ. ಹಿಂದಿನಿಂದ ಇಂದ್ರಮ್ಮನ ದನಿ ಕೇಳಿತು. ಕೇಸರಿಬಾತು ಬಟ್ಟಲ ಅಂಚಿಗೆ ಮೊದಲು ಗಟ್ಟಿಯಾಗುವ ಹಾಗೆಯೋ ಎಂದು ಪಕ್ಕದವಳನ್ನು ಕೇಳುತ್ತಿದ್ದಳು. ಹೌದು ಅಂದೆ, ತಿರುಗದೆ.

ಮನೆ ಸೇರಿದ ಪ್ರತಿ ಕಲ್ಲನ್ನೂ ಗೋಡೆಯ ಬುಡದಲ್ಲಿ ಇಟ್ಟು ಮುಂದೆ ಹೋದೆವು. ಬಳಪದ ಕಲ್ಲಿನ ಪಟ್ಟಿ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಎರಡೂ ಕಡೆಗೆ ಎರಡು ಕಲ್ಲು ಹೊಂದಿಸಿ ತೋರಿಸಿದೆ. ಮುಗಿಯಿತು ಅಂದುಕೊಂಡೆ. ಆದರೆ ಶಂಕರಲಿಂಗಪ್ಪನವರ ಮುಖ ಸಡಿಲಾಗಿರಲಿಲ್ಲ.

"ನೋಡಪ್ಪ," ಅಂದರು. "ಚೆನ್ನಾಗಿ ಹೇಳ್ತೀಯ. ಆದರೆ ಬುದ್ಧಿ ಇರೋನು ಯಾವ ಕಲ್ಲಿಗೆ ಬೇಕಾದರೂ ಈ ಗೋಡೇಲಿ ಎಲ್ಲೋ ಒಂದು ಕಡೆ ಜಾಗ ಹುಡುಕಬಹುದು. ನೀನು ಗುರುತು ಹಿಡಿದು ಹೇಳ್ತಿದ್ದೀಯೋ ಹೊಂದಿಸಿ ಹೇಳ್ತಿದ್ದೀಯೋ, ನಾನು ಹೆಂಗೆ ನಂಬಲಿ?"

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅಷ್ಟರಲ್ಲಿ, ಎಲ್ಲರಿಗಿಂತ ಹಿಂದೆ ನಿಂತಿದ್ದ ಮುನಿಯಮ್ಮನ ಬುಟ್ಟಿಯಲ್ಲಿ ಇನ್ನೊಂದು ಕಲ್ಲು ಉಳಿದಿರುವುದನ್ನು ಅವರು ನೋಡಿದರು. ಹೋದ ಬೇಸಿಗೆಯಲ್ಲಿ ಮದುವೆಯಾಗಿ ಗುಡ್ಡದ ಪಕ್ಕದ ಊರಿಗೆ ಬಂದವಳು ಮುನಿಯಮ್ಮ, ಹೆಂಗಸರಲ್ಲೇ ಚಿಕ್ಕವಳು.

ಅಧಿಕಾರಿ ಕಲ್ಲನ್ನು ತಾವೇ ಎತ್ತಿ ದೀಪಕ್ಕೆ ಹಿಡಿದರು. ಕೆಂಪು ಪಟ್ಟೆ, ಕಪ್ಪು ಪಟ್ಟೆ, ಮತ್ತೆ ಕೆಂಪು. ಗಾತ್ರಕ್ಕೆ ಮೀರಿದ ತೂಕ. ಎಲ್ಲ ಕಲ್ಲುಗಳಿಗಿಂತ ಚಂದದ್ದು ಅದೇ. ಇದರ ಮನೆ ಎಲ್ಲಿ ಎಂದು ಕೇಳಿದರು.

ನಾನು ಅದನ್ನು ಹಿಂದೆಂದೂ ನೋಡಿರಲಿಲ್ಲ.

ಹಬೀಬ್ ಸಾಬರು ಮೆಲ್ಲಗೆ ಕೆಮ್ಮಿ, ದೀಪವನ್ನು ಎಡಗಡೆಗೆ ತಿರುಗಿಸಿದರು. ಅಲ್ಲಿ ಜಿನುಗುವ ನೀರಿನ ತುಕ್ಕು ಇಳಿದು ಗೋಡೆ ಒಂದು ಮೊಳದಷ್ಟು ಕೆಂಪಾಗಿತ್ತು.

"ಇಲ್ಲೇ ಐತಲ್ಲ ಸಾಬ್," ಅಂದರು. "ಲಾಲ್ ಲಾಲ್ ಕಾಣ್ತದೆ. ಅಯ್ನೋರು ಹೇಳಿ ಹೇಳಿ ಸುಸ್ತಾಗವ್ರೆ, ಅಷ್ಟೇ."

ನನ್ನನ್ನು ಉಳಿಸಲೆಂದೇ ಅವರು ಹೇಳಿದ್ದು. ಹೂಂ ಅಂದಿದ್ದರೆ ಸಾಕಿತ್ತು. ಹೂಂ ಅನ್ನುವುದು ನನಗೆ ಅಭ್ಯಾಸವೇ. ಅಲ್ಲ ಅಂದರೆ ನನ್ನ ಸಾಲಿನಲ್ಲಿ ಹೊರಗಿನ ಕಲ್ಲು ಸೇರಿದೆ ಎಂದು ನಾನೇ ಒಪ್ಪಿದಂತೆ. ಒಂದು ಸೇರಿದ್ದರೆ ಇನ್ನೆಷ್ಟು ಎಂದು ಅವರು ಕೇಳಬಹುದು. ಭಾವನ ಅಂಗಡಿಯ ಗಲ್ಲಾ, ಅದರ ಪಕ್ಕದ ಮಣೆ, ಕಣ್ಣಿಗೆ ಕಟ್ಟಿತು. ನೀರು ಎಲ್ಲೋ ತೊಟ್ಟಿಕ್ಕುತ್ತಿತ್ತು. ಎಲ್ಲರೂ ಕಾಯುತ್ತಿದ್ದರು.

"ಇದಕ್ಕೆ ಇಲ್ಲಿ ಮನೆ ಇಲ್ಲ ಸಾರ್," ಅಂದೆ. "ಇದು ಈ ಗುಡ್ಡದ್ದೇ ಅಲ್ಲ. ಗೋಡೆ ಕೆಂಪಾಗಿರೋದು ಮೇಲಿನ ತುಕ್ಕು, ಉಜ್ಜಿದರೆ ಹೋಗುತ್ತೆ. ಈ ಕಲ್ಲು ಒಳಗೇ ಕೆಂಪು. ಕಬ್ಬಿಣದ್ದು. ಬುಕ್ಕಾಪಟ್ಟಣದ ಕಡೆ ಗುಡ್ಡಗಳಲ್ಲಿ ಇಂಥದ್ದಿದೆ. ಇಲ್ಲಿಗೆ ಹೆಂಗೆ ಬಂತೋ ನನಗೆ ಗೊತ್ತಿಲ್ಲ."

"ನಮ್ಮೂರೇ ಅದು," ಎಂದು ಕತ್ತಲಿನಿಂದ ಒಂದು ಸಣ್ಣ ದನಿ ಬಂತು.

ಮುನಿಯಮ್ಮನನ್ನು ಇಂದ್ರಮ್ಮ ತೋಳು ಹಿಡಿದು ಬೆಳಕಿಗೆ ನೂಕಿದಳು. ಅವಳ ತವರು ಬುಕ್ಕಾಪಟ್ಟಣದ ಹತ್ತಿರದ ಒಂದು ಹಟ್ಟಿ. ಮದುವೆಯಾಗಿ ಬರುವಾಗ ಅವಳ ತಾಯಿ ಉಪ್ಪಿನಕಾಯಿ ಭರಣಿಯ ಜೊತೆಗೆ, ಕಾಯಿ ಮೇಲೇಳದಂತೆ ಒಳಗೆ ಹೇರಿಡಲು ಆ ಕಲ್ಲನ್ನೂ ಕಟ್ಟಿ ಕಳಿಸಿದ್ದಳಂತೆ. ಅದೇಕೆ ಇಲ್ಲಿಗೆ ಬಂತೆಂದು ಅಧಿಕಾರಿ ಕೇಳಿದಾಗ ಅವಳು ತಲೆ ತಗ್ಗಿಸಿಯೇ, ಆದರೆ ಗಟ್ಟಿಯಾಗಿಯೇ ಹೇಳಿದಳು.

"ಬೆಳಿಗ್ಗೆ ಜೋಡಿಸಿದ್ಮೇಲೆ ಎಣಿಸುದ್ವಿ ಸಾಮಿ, ಸರಿಸಂಖ್ಯೆ ಬಂತು. ಒಳ್ಳೇ ಕೆಲಸಕ್ಕೆ ಸರಿಸಂಖ್ಯೆ ಇಡ್ತಾರಾ? ಮುಯ್ಯಿಗೂ ಇಡಕಿಲ್ಲ, ಮಡಿಲಿಗೂ ಇಡಕಿಲ್ಲ. ಒಂದು ಕಮ್ಮಿ ಮಾಡಿದ್ರೆ ಅಯ್ನೋರು ಬೇಜಾರಾಯ್ತಾರೆ ಅಂತ ಒಂದು ಹೆಚ್ಚು ಮಾಡುದ್ವಿ."

ಶಂಕರಲಿಂಗಪ್ಪನವರು ಕಲ್ಲನ್ನು ಮೂಗಿನ ಹತ್ತಿರ ತಂದು ಒಂದು ಸಲ ಉಸಿರೆಳೆದರು. ಎಣ್ಣೆಯ ವಾಸನೆಯ ಅಡಿಯಲ್ಲಿ ಇಂಗು ಮೆಂತ್ಯದ ವಾಸನೆ ಇರಬೇಕು. ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಆಮೇಲೆ ಸುರಂಗದ ತುಂಬ ಅವರ ನಗು ಮೊಳಗಿ, ಗೋಡೆಗಳಿಗೆ ಹೊಡೆದು ವಾಪಸು ಬಂತು. ಹಬೀಬ್ ಸಾಬರು ದೀಪ ಕೆಳಗಿಟ್ಟು ನಕ್ಕರು. ಹೆಂಗಸರು ಸೆರಗು ಬಾಯಿಗೆ ಹಿಡಿಯುವುದನ್ನೂ ಮರೆತು ನಕ್ಕರು.

ನಗು ಮುಗಿದ ಮೇಲೆ ಅವರು ಕಲ್ಲನ್ನು ನನ್ನ ಕೈಗಿಟ್ಟರು.

"ಇದಕ್ಕೂ ಇಲ್ಲೊಂದು ಜಾಗ ತೋರಿಸಿದ್ದರೆ, ಉಳಿದವುಗಳಲ್ಲಿ ಒಂದನ್ನೂ ನಾನು ನಂಬುತ್ತಿರಲಿಲ್ಲ," ಅಂದರು. "ಈಗ ಎಲ್ಲವನ್ನೂ ನಂಬಿದ್ದೇನೆ. ಖಾಯಂ ಅಂತಲೇ ಬರೀತೀನಿ. ನಾನು ಬಿಸಿಲಿಗೆ ಹೋಗ್ತೀನಿ, ಇಲ್ಲಿ ಮಂಡಿ ಹಿಡಿದುಕೊಂಡಿತು."

ಅವರು ಹೊರಟ ಮೇಲೆ ಸಾಬರು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ತಾನು ಅಷ್ಟು ಕಷ್ಟಪಟ್ಟು ಹೇಳಿದ ಸುಳ್ಳನ್ನು ಹೀಗೆ ನೀರಿಗೆ ಹಾಕುವವನನ್ನು ಶಿರಾದಿಂದ ಪಾವಗಡದ ತನಕ ಎಲ್ಲೂ ಕಂಡಿಲ್ಲ ಅಂದರು. ದೀಪವನ್ನು ನಮಗೇ ಬಿಟ್ಟು, ಸುರಂಗದ ಬಾಯಿಯ ಬೆಳಕಿನ ಕಡೆಗೆ ಅಧಿಕಾರಿಯ ಹಿಂದೆ ಓಡಿದರು.

ಮುನಿಯಮ್ಮ ಕೈ ಚಾಚಿ ತನ್ನ ಕಲ್ಲು ಕೇಳಿದಳು. ಭರಣಿಯಲ್ಲಿ ಮಾವಿನಕಾಯಿ ಇಷ್ಟು ಹೊತ್ತಿಗೆ ತೇಲಿ ಬೂಸಲು ಹಿಡಿದರೆ ಅತ್ತೆ ಸುಮ್ಮನಿರುವುದಿಲ್ಲವಂತೆ. ನಾನು ಕೊಟ್ಟೆ. ಉಳಿದ ಕಲ್ಲುಗಳನ್ನು ಗೋಡೆಯ ಬುಡದಿಂದ ಒಂದೊಂದಾಗಿ, ಸಾಲು ತಪ್ಪದಂತೆ ಹೊರಗೆ ಒಯ್ದು ಹೊಸದಾಗಿ ಗುರುತು ಹಾಕಬೇಕಿತ್ತು. ಅದಕ್ಕಾಗಿ ಬಗ್ಗಿದಾಗ ಇಂದ್ರಮ್ಮ ನನ್ನ ದಾರಿಗೆ ಅಡ್ಡ ಬಂದು ಕೂತಳು. ಉಳಿದವರೂ ಬುಟ್ಟಿ ಬೋರಲು ಹಾಕಿಕೊಂಡು ಕೂತರು.

"ಆ ದೊರೆಗೆ ಅಷ್ಟೊಂದು ಹೇಳಿದ್ರಿ," ಅಂದಳು. "ದಿನಾ ಹೊರೋರು ನಾವು. ನಮಗೂ ಒಸಿ ಹೇಳಿ ಸಾಮಿ. ಆ ಸುಣ್ಣದ ಗೆರೆ ಯಾಕೆ ಅಂತ ಮೊದ್ಲೇ ಹೇಳಿದ್ರೆ, ನಾವು ತೊಳೀತಿದ್ವಾ?"

ಇಲ್ಲ, ತೊಳೆಯುತ್ತಿರಲಿಲ್ಲ ಅಂದೆ. ಅವಳ ಎದುರಿಗೆ ಕೂತು, ಸುರಂಗದ ಬಾಯಿಯ ಪಟ್ಟೆಕಲ್ಲಿನಿಂದ ಶುರುಮಾಡಿದೆ. ಗೆರೆ ಯಾಕೆ, ಅಂಕಿ ಯಾಕೆ, ಈ ಕಲ್ಲು ಆ ಕಲ್ಲಿಗಿಂತ ಮೊದಲೇ ಯಾಕೆ ಬರಬೇಕು ಎಂದು ಹೇಳುತ್ತಾ ಕರಿಕಲ್ಲಿನ ತನಕ ಬಂದಿದ್ದೆ. ಭರಣಿಗೆ ಹೊತ್ತಾಯಿತೆಂದು ಹೊರಟಿದ್ದ ಮುನಿಯಮ್ಮ ಇನ್ನೂ ಅಲ್ಲೇ, ಕಲ್ಲನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು.

"ಅದು ಆಮೇಲಾಗ್ಲಿ ಬುಡಿ," ಅಂದಳು. "ಮೊದ್ಲು ನಮ್ಮೂರಿಂದು ಹೇಳಿ. ಇದರೊಳಕ್ಕೆ ಕಬ್ಬಿಣ ಹೆಂಗೆ ಬಂತು?"

ನಾನು ಹೇಳತೊಡಗಿದೆ. ಹೊರಗೆ ಜೀಪು ಹೊರಡುವ ಸದ್ದು ಕೇಳಿತು, ಎದ್ದು ಹೋಗಿ ನಮಸ್ಕಾರ ಹೇಳಬೇಕಿತ್ತು. ಮಾತು ಅರ್ಧದಲ್ಲಿತ್ತು, ಎದ್ದು ಹೋಗಲಿಲ್ಲ.